ಹರಳಿಗೊಂದು ಊರು: ಖನಿಜ ಸಂಗ್ರಹದ ಕುರಿತು



ವೈದ್ಯನೊಬ್ಬನು ಕಲ್ಲುಗಳ ವಿಷಯವಾಗಿ ಮಾತನಾಡಲು ನಿಂತರೆ ಅದು ಮೂತ್ರಪಿಂಡದ ಕಲ್ಲೇ ಇರಬೇಕೆಂದು ಸಭಿಕರು ಊಹಿಸುವುದು ಸಹಜ. ಇಂದಿನ ವಿಷಯ ಅದಲ್ಲ. ಭೂಮಿಯ ಒಡಲಿನಲ್ಲಿ ಬೆಳೆಯುವ ಹರಳುಗಳು ಮತ್ತು ಅವುಗಳ ಸಂಗ್ರಹ. ವೈದ್ಯರಿಗೂ ಖನಿಜಗಳಿಗೂ ಹಳೆಯ ನಂಟುಂಟು. ಖನಿಜಶಾಸ್ತ್ರದ ಪಿತಾಮಹನೆಂದು ಹೆಸರಾದ ಜಾರ್ಜಿಯಸ್ ಅಗ್ರಿಕೋಲ ವೃತ್ತಿಯಿಂದ ವೈದ್ಯನಾಗಿದ್ದನು. ಬೊಹೀಮಿಯದ ಯೋಆಕಿಮ್ಸ್‌ತಾಲ್ ಎಂಬ ಬೆಳ್ಳಿ ಗಣಿಯ ಊರಿನಲ್ಲಿ ಆತನು ವೈದ್ಯವೃತ್ತಿ ನಡೆಸುತ್ತಲೇ ಗಣಿಗಳನ್ನು ಅಭ್ಯಾಸ ಮಾಡಿದನು. 1546ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಖನಿಜಗಳನ್ನು ಬಣ್ಣ, ಗಡಸುತನ, ಹೊಳಪು, ತೂಕ ಮೊದಲಾದ ಲಕ್ಷಣಗಳ ಆಧಾರದಿಂದ ವಿಂಗಡಿಸಿದನು. ಆ ಊರಿನ ಬೆಳ್ಳಿಯ ನಾಣ್ಯಕ್ಕೆ ತಾಲರ್ ಎಂಬ ಹೆಸರು ಬಂದು, ಕಾಲಕ್ರಮದಲ್ಲಿ ಅದೇ ಡಾಲರ್ ಆಯಿತು. ನಮ್ಮ ಜೇಬಿನ ಹಣವೂ ಒಂದು ಗಣಿಯೂರಿನ ಹೆಸರನ್ನು ಹೊತ್ತಿದೆ ಎಂದಾಯಿತು.

ಇನ್ನೊಬ್ಬ ವೈದ್ಯ, ಡೆನ್ಮಾರ್ಕಿನ ನಿಕೊಲಾಸ್ ಸ್ಟೀನೊ. ಕೆನ್ನೆಯ ಜೊಲ್ಲುಗ್ರಂಥಿಯ ನಾಳಕ್ಕೆ ವೈದ್ಯಶಾಸ್ತ್ರದಲ್ಲಿ ಇಂದಿಗೂ ಆತನ ಹೆಸರಿದೆ. ಕ್ವಾರ್ಟ್ಜ್ ಹರಳು ದೊಡ್ಡದಿರಲಿ ಚಿಕ್ಕದಿರಲಿ, ನೀಟಾಗಿರಲಿ ಸೊಟ್ಟಗಿರಲಿ, ಅದರ ಆಯಾ ಮುಖಗಳ ನಡುವಣ ಕೋನ ಮಾತ್ರ ಬದಲಾಗದೆಂಬುದನ್ನು ಆತನು 1669ರಲ್ಲಿ ತೋರಿಸಿದನು. ಕಣ್ಣಿಗೆ ಕಾಣದ ಅಣುಗಳು ಒಂದು ಕ್ರಮದಲ್ಲಿ ಒತ್ತೊತ್ತಾಗಿ ಜೋಡಣೆಗೊಂಡಿರುವುದೇ ಇದಕ್ಕೆ ಕಾರಣವೆಂದು ಇಂದು ನಮಗೆ ತಿಳಿದಿದೆ. ಹೊರಗಿನ ರೂಪವು ಒಳಗಿನ ಕ್ರಮಕ್ಕೆ ಸಾಕ್ಷಿ.

ಉತ್ತಮ ಮಾದರಿ ಎಂದರೆ ಯಾವುದು? ಹರಳಿನ ಅಂಚುಗಳು ಮುಕ್ಕಾಗಿರಬಾರದು. ಬಣ್ಣ ಹೊಳಪುಗಳು ಸಹಜವಾಗಿರಬೇಕು. ಸಾಧ್ಯವಾದರೆ ಅದು ಬೆಳೆದ ಮೂಲಬಂಡೆಯ ತುಣುಕಿನ ಮೇಲೆಯೇ ಕುಳಿತಿರಬೇಕು. ಇವೆಲ್ಲವೂ ನಿಜ. ಆದರೆ ಇವೆಲ್ಲಕ್ಕಿಂತ ಮಿಗಿಲಾದದ್ದು ಅದರೊಡನೆ ಇರುವ ಒಂದು ಚಿಕ್ಕ ಚೀಟಿ. ಹರಳು ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರಿಂದ ಬಂದಿತು ಎಂಬುದನ್ನು ಹೇಳುವ ಚೀಟಿ. ಇಂದು ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಇದಕ್ಕೆ ನಮ್ಮ ದಖನ್ ಪ್ರಸ್ಥಭೂಮಿಯೇ ಒಳ್ಳೆಯ ನಿದರ್ಶನ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲ್ಲಿ ನೆಲ ಬಿರಿದು ಲಾವಾರಸ ಪದರಪದರವಾಗಿ ಹರಿಯಿತು. ಆ ಕಪ್ಪು ಬಸಾಲ್ಟ್ ಶಿಲೆ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಆವರಿಸಿದೆ. ಮಹಾರಾಷ್ಟ್ರದ ಬಹುಭಾಗವಲ್ಲದೆ ನಮ್ಮ ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ ಜಿಲ್ಲೆಗಳಿಗೂ ಅದು ಚಾಚಿಕೊಂಡಿದೆ. ಗೋಳಗುಮ್ಮಟವನ್ನು ಕಟ್ಟಿರುವುದು ಈ ಕಲ್ಲಿನಿಂದಲೇ.

ಲಾವಾರಸ ಆರುವಾಗ, ಕಾವಲಿಯ ಮೇಲಿನ ದೋಸೆಯಲ್ಲಿ ತೂತುಗಳು ಏಳುವಂತೆ, ಅದರೊಳಗಿನ ಅನಿಲದಿಂದ ಗುಳ್ಳೆಗಳು ಎದ್ದು ಪೊಳ್ಳುಗಳಾಗಿ ಉಳಿದವು. ಅನಂತರದ ದೀರ್ಘಕಾಲದಲ್ಲಿ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಸಿಲಿಕಾ, ಕ್ಯಾಲ್ಸಿಯಂ, ಅಲ್ಯುಮಿನಿಯಂಗಳನ್ನು ಕರಗಿಸಿಕೊಂಡು ಬಂದು, ಆ ಪೊಳ್ಳುಗಳ ಗೋಡೆಯ ಮೇಲೆ ಹರಳುಗಟ್ಟಿಸಿತು. ತೆನೆಯ ಸಿವುಡನ್ನು ನಡುವೆ ಬಿಗಿದು ಕಟ್ಟಿದಂತೆ ಕಾಣುವ ಸ್ಟಿಲ್ಬೈಟ್, ಗಾಜಿನಂತೆ ತಿಳಿಯಾದ ಇಲ್ಲವೇ ಎಳೆಹಸುರಾದ ಅಪೋಫಿಲೈಟ್ ಹುಟ್ಟಿದ್ದು ಹೀಗೆ. ಸ್ಟಿಲ್ಬೈಟ್ ಜಿಯೋಲೈಟ್ ಎಂಬ ಗುಂಪಿಗೆ ಸೇರಿದ್ದು. ಕಾಯಿಸಿದಾಗ ಒಳಗಿನ ನೀರು ಹೊರಬಂದು ನೊರೆಯೇಳುವುದನ್ನು ಕಂಡ ಸ್ವೀಡನ್ನಿನ ಕ್ರೋನ್‌ಸ್ಟೆಟ್ 1756ರಲ್ಲಿ ಈ ಗುಂಪಿಗೆ ‘ಕುದಿಯುವ ಕಲ್ಲು’ ಎಂಬ ಅರ್ಥದ ಆ ಗ್ರೀಕ್ ಹೆಸರನ್ನಿಟ್ಟನು.

ಈ ಹರಳುಗಳು ಹೊರಗೆ ಬರುವುದು ಬಾವಿ ತೋಡುವಾಗ, ರಸ್ತೆ ಕಡಿಯುವಾಗ, ಜಲ್ಲಿಗಾಗಿ ಬಂಡೆ ಸಿಡಿಸುವಾಗ. ಯಾರೂ ಎತ್ತಿಡದಿದ್ದರೆ ಅವು ಯಂತ್ರಕ್ಕೆ ಸಿಕ್ಕಿ ಜಲ್ಲಿಯಾಗುತ್ತವೆ. ಪುಣೆಯ ಬಳಿಯ ವಾಘೋಲಿಯ ಕಲ್ಲುಗಣಿಗಳಲ್ಲಿ 1980ರ ದಶಕದ ಕೊನೆಯಲ್ಲಿ ಕ್ಯಾವನ್ಸೈಟ್ ಎಂಬ ಅಪೂರ್ವ ಖನಿಜದ ಸೊಗಸಾದ ಮಾದರಿಗಳು ದೊರೆತವು. ಬಿಳಿಯ ಸ್ಟಿಲ್ಬೈಟಿನ ಮೇಲೆ ಕಡುನೀಲಿಯ ಹೂಗೊಂಡೆಗಳನ್ನು ಇರಿಸಿದಂತೆ ಅವು ಕಾಣುತ್ತವೆ. ಇದೇ ಖನಿಜ ಮೊದಲು ಪತ್ತೆಯಾದದ್ದು 1967ರಲ್ಲಿ, ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ‘ಕ್ಯಾವನ್ಸೈಟ್’ ಎಂದಷ್ಟೇ ಬರೆದಿಟ್ಟರೆ ಅದರ ರಸಾಯನ ತಿಳಿಯಿತು. ವಾಘೋಲಿಯ ಹೆಸರಿದ್ದರೆ ಮಾತ್ರ ದಖನ್ನಿನ ಬಂಡೆಯ ಕಥೆಯೂ ತಿಳಿಯಿತು. ನಮ್ಮ ಹಿರಿಯರು ತಮ್ಮ ಹೆಸರಿನ ಮುಂಚೆ ಊರಿನ ಹೆಸರನ್ನು ಇಟ್ಟುಕೊಳ್ಳುತ್ತಿದ್ದುದರ ಔಚಿತ್ಯ ಇಲ್ಲಿಯೂ ಸಲ್ಲುತ್ತದೆ. ಆಸ್ಪತ್ರೆಯಲ್ಲಿ ಹೆಸರಿಲ್ಲದ ರಕ್ತದ ಸೀಸೆ ಎಷ್ಟು ಶುದ್ಧವಾಗಿದ್ದರೂ ನಿರುಪಯುಕ್ತ. ಊರಿಲ್ಲದ ಹರಳೂ ಹಾಗೆಯೇ. ಅದು ಅಲಂಕಾರದ ವಸ್ತುವಾಗಬಹುದು, ಅಧ್ಯಯನದ ವಸ್ತುವಾಗದು.

ಸಂಗ್ರಹಗಳ ಭಾಗ್ಯವೂ ವಿಚಿತ್ರವಾದದ್ದು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಆಸ್ತಿ ಬಿಟ್ಟುಹೋದ ಜೇಮ್ಸ್ ಸ್ಮಿತ್‌ಸನ್ ಅಮೆರಿಕವನ್ನು ಎಂದೂ ಕಂಡವನಲ್ಲ. ಆತನು ಕೂಡಿಸಿದ್ದ ಖನಿಜಗಳೂ ಬಹುಪಾಲು ಕಾಗದಪತ್ರಗಳೂ 1865ರ ಬೆಂಕಿಯಲ್ಲಿ ನಾಶವಾದವು. ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡಿಸಿದ ಸುಮಾರು 16,000 ಮಾದರಿಗಳನ್ನಾದರೋ, ಆತನು ತೀರಿಕೊಂಡ ಮೇಲೆ ಮಗನು ಅದೇ ಸಂಸ್ಥೆಗೆ ಕೊಟ್ಟನು. ಅವು ಇಂದಿಗೂ ವಿದ್ವಾಂಸರಿಗೆ ದೊರೆಯುತ್ತಿವೆ.

ಸಂಗ್ರಹಿಸುವವರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಜಮೀನಿನ ಒಡೆಯರ ಅನುಮತಿಯಿಲ್ಲದೆ ಕಲ್ಲು ಎತ್ತಬಾರದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ನಿಷಿದ್ಧ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಸರಿಯಾದ ಮುಖಗವಸು ಇರಲಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಯೂರಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಆದ ಹಾನಿಯನ್ನು ಹಿಂದಿರುಗಿಸುವ ಔಷಧವಿಲ್ಲ. ನಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆಚ್ಚುವ ಹರಳಿನ ಹಿಂದೆ ದಿನವಿಡೀ ಆ ಧೂಳಿನಲ್ಲಿ ದುಡಿಯುವ ಗಣಿಯ ಕೂಲಿಕಾರರಿದ್ದಾರೆಂಬುದು ನೆನಪಿರಬೇಕು. ಸೀಸ, ಪಾದರಸ, ಆರ್ಸೆನಿಕ್ ಉಳ್ಳ ಖನಿಜಗಳನ್ನು ಮುಟ್ಟಿದ ಕೈಯನ್ನು ತೊಳೆಯಬೇಕು. ಮಕ್ಕಳ ಕೈಗೆ ಅವು ಸಿಗಬಾರದು. ಇನ್ನು ಹರಳನ್ನು ಎದೆಯ ಮೇಲಿಟ್ಟರೆ ರೋಗ ವಾಸಿಯಾಗುವುದೆಂಬ ಪ್ರಚಾರಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ.

ಹರಳುಗಳಿಗೂ ಆರೈಕೆ ಬೇಕು. ಕೆಂಪು ಮನಃಶಿಲೆ ಬೆಳಕಿಗೆ ಒಡ್ಡಿದರೆ ಹಳದಿ ಪುಡಿಯಾಗುತ್ತದೆ. ಚಿನ್ನದಂತೆ ಹೊಳೆಯುವ ಪೈರೈಟ್ ತೇವದಲ್ಲಿ ಕೆಟ್ಟು ಗಂಧಕಾಮ್ಲವನ್ನು ಹೊರಬಿಡುತ್ತದೆ. ಆ ಆಮ್ಲವು ಪೆಟ್ಟಿಗೆಯನ್ನೂ ಚೀಟಿಯನ್ನೂ ತಿಂದುಬಿಡುತ್ತದೆ. ಕೊಳ್ಳುವಾಗಲೂ ಜಾಗ್ರತೆ ಬೇಕು. ನೇರಳೆ ಬಣ್ಣದ ಅಮೆಥಿಸ್ಟನ್ನು ಕಾಯಿಸಿ ಹಳದಿಯಾಗಿಸಿ ಸಿಟ್ರೀನ್ ಎಂದು ಮಾರುವುದುಂಟು. ಮುರಿದುದನ್ನು ಅಂಟಿಸಿದ್ದರೆ, ಅನೇಕ ಬಗೆಯ ಅಂಟುಗಳು ಅತಿನೇರಳೆ ಬೆಳಕಿನಲ್ಲಿ ಹೊಳೆದು ಗುಟ್ಟು ಬಿಟ್ಟುಕೊಡುತ್ತವೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಅಭಿಮಾನಪಡಲು ಕಾರಣವೊಂದಿದೆ. ಸರ್ ಸಿ. ವಿ. ರಾಮನ್ ಅವರು ಹರಳುಗಳ ಮಹಾ ಪ್ರೇಮಿಯಾಗಿದ್ದರು. ಅವರು ಕೂಡಿಸಿದ ಖನಿಜ, ರತ್ನ, ವಜ್ರಗಳ ಸಂಗ್ರಹವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. 1928ರಲ್ಲಿ ಅವರು ಕಂಡುಹಿಡಿದ ರಾಮನ್ ಪರಿಣಾಮದ ಆಧಾರದಿಂದ ಇಂದು ಕೈಯಲ್ಲಿ ಹಿಡಿಯುವ ಉಪಕರಣವೊಂದು ಎಷ್ಟೋ ಖನಿಜಗಳನ್ನು ಹಾನಿಮಾಡದೆ ಗುರುತಿಸಬಲ್ಲುದು. ಆದರೆ ಆ ಉಪಕರಣವೂ ‘ಇದು ಸ್ಟಿಲ್ಬೈಟ್’ ಎಂದಷ್ಟೇ ಹೇಳೀತು. ಯಾವ ಊರಿನ ಯಾವ ಬಾವಿಯಿಂದ ಬಂದದ್ದೆಂದು ಹೇಳಲಾರದು. ಅದನ್ನು ಬರೆದಿಡಬೇಕಾದವರು ನಾವೇ.

ಆದುದರಿಂದ ಪ್ರತಿಯೊಂದು ಮಾದರಿಯ ಹಿಂಬದಿಯಲ್ಲಿ ಬಿಳಿಯ ಬಣ್ಣದ ಚುಕ್ಕೆಯಿಟ್ಟು, ಒಣಗಿದ ಮೇಲೆ ಕಪ್ಪು ಶಾಯಿಯಿಂದ ಸಂಖ್ಯೆ ಬರೆಯಿರಿ. ಅದೇ ಸಂಖ್ಯೆಯಡಿ ಒಂದು ಪುಸ್ತಕದಲ್ಲಿ ಖನಿಜದ ಹೆಸರು, ಗಣಿ, ಊರು, ಜಿಲ್ಲೆ, ದೇಶ, ದಿನಾಂಕ, ಕೊಟ್ಟವರ ಹೆಸರು ದಾಖಲಾಗಲಿ. ಹಳೆಯ ಚೀಟಿ ಮಾಸಿದ್ದರೂ ಅದನ್ನು ಎಸೆಯದೆ ಜೊತೆಯಲ್ಲಿಡಿ. ಕನ್ನಡದಲ್ಲಿ ಬರೆದರೆ ಪಕ್ಕದಲ್ಲಿ ಇಂಗ್ಲಿಷಿನಲ್ಲಿಯೂ ಬರೆಯಿರಿ. ಮುಂದೊಂದು ದಿನ ಆ ಪೆಟ್ಟಿಗೆಯನ್ನು ತೆರೆಯುವವರು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು, ಮೊಮ್ಮಕ್ಕಳು. ಕೋಟ್ಯಂತರ ವರ್ಷ ಬಾಳಿದ ಹರಳಿನ ಗುರುತು ನಮ್ಮ ಒಂದು ತಲೆಮಾರಿನ ಉದಾಸೀನದಿಂದ ಅಳಿಯದಿರಲಿ.