ಫ್ಯೂಸು ಹೋಯಿತೇ?

ಸಂಜೆಯ ವಾರ್ತೆ ಕೇಳುತ್ತಿರುವಾಗ ರೇಡಿಯೋ ಒಮ್ಮೆಲೇ ಮೂಕವಾದರೆ ನಾವು ಮೊದಲು ಆಡುವ ಮಾತು ಒಂದೇ: “ಫ್ಯೂಸು ಹೋಯಿತು!” ಆದರೆ ಹೋದ ಫ್ಯೂಸು ರೋಗವಲ್ಲ, ರೋಗದ ಸೂಚನೆ. ಈ ಭೇದವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ.

ನಮ್ಮ ಬಂಧುಗಳೊಬ್ಬರು ಹಳೆಯ ವ್ಯಾನೊಂದರಲ್ಲಿ ಮಲಗಲು ಹಲಗೆ, ಅಡಿಗೆಗೊಂದು ಮೂಲೆ, ದೀಪ, ಫ್ಯಾನು, ರೇಡಿಯೋ ಎಲ್ಲವನ್ನೂ ಅಳವಡಿಸಿಕೊಂಡಿದ್ದಾರೆ. ಮೋಟಾರ್ ಹೋಮ್ ಎಂದು ಕರೆಯುವ ಈ ಬಗೆಯ ವಾಹನವನ್ನು ನಾವು ಮನೆಗಾಡಿ ಎನ್ನೋಣ. ಒಂದು ಸುಗ್ಗಿಯ ಸಂಜೆ ಅದರಲ್ಲಿ ಸಿಂಧನೂರು ಬಿಟ್ಟೆವು. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನ ಭತ್ತ ಹೇರಿದ ಲಾರಿ, ಟ್ರಾಕ್ಟರುಗಳು ರಸ್ತೆಯ ತುಂಬ. ಮಸ್ಕಿ ಇನ್ನೂ ದೂರವಿರುವಾಗಲೇ ರೇಡಿಯೋ ನಿಂತಿತು. ಒಳದೀಪವೂ ಹಿಂದಿನ ಕೆಂಪುದೀಪವೂ ಆರಿದವು. ಮೂರೂ ಒಂದೇ ಫ್ಯೂಸನ್ನು ಆಶ್ರಯಿಸಿದ್ದವು.

ಡ್ರೈವರು ಹೊಸ ಫ್ಯೂಸು ಹಾಕಿದ. ಸ್ವಲ್ಪ ದೂರ ಹೋಗಿ ಗಾಡಿ ತಗ್ಗಿನಲ್ಲಿ ಕುಲುಕಿದಾಗ ಅದೂ ಹೋಯಿತು. ಆಗ ಅವನು ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಸುಟ್ಟ ಫ್ಯೂಸಿಗೆ ಸುತ್ತಿ, “ಲಿಂಗಸುಗೂರ ತನಕ ನಡೀತದ ಬಿಡ್ರಿ ಮಾಸ್ತರ” ಎಂದ. ದೀಪ ಹತ್ತಿದ್ದರಿಂದ ನಾನೂ ಸುಮ್ಮನಾದೆ. ಆ ಮೌನವೇ ನನ್ನ ತಪ್ಪು. 1915ರಲ್ಲಿ ದೊರೆತ ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯನ್ನು ದಾಟಿದ ಮೇಲೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಹಲಗೆಯ ಮೇಲೆ ಮಕ್ಕಳು ಮಲಗಿದ್ದರು. ಅದರ ಕೆಳಗಿಂದ ಹೊಗೆ! ಮಕ್ಕಳನ್ನು ಎತ್ತಿಕೊಂಡು ಇಳಿದೆವು. ಡ್ರೈವರು ಬ್ಯಾಟರಿಯ ತಂತಿ ಕಳಚಿದ. ಬೆಂಕಿ ಹತ್ತಲಿಲ್ಲವೆಂಬುದೇ ಪುಣ್ಯ. ಬೆಳ್ಳಿಕಾಗದವನ್ನು ಕಿತ್ತೆಸೆದು, ರಸ್ತೆಯಿಂದ ದೂರ ಗಾಡಿ ನಿಲ್ಲಿಸಿ, ಬೆಳಕು ಹರಿದ ಮೇಲೆ ಲಿಂಗಸುಗೂರು ಸೇರಿದೆವು.

ಅಲ್ಲಿಯ ಗ್ಯಾರೇಜಿನ ಹುಡುಗ ನಕ್ಕು ಹೇಳಿದ: “ಫ್ಯೂಸು ಸಾಯಾಕ ಇರೋದ್ರಿ ಮಾಸ್ತರ. ಅದನ್ನ ಸಾಯಲಾರದಂಗ ಮಾಡಿದ್ರ ಗಾಡಿ ಸಾಯ್ತದ.”

ಎಂಥ ಮಾತು! ಫ್ಯೂಸ್ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಕರಗಿಸಿ ಹೊಯ್ಯುವುದೆಂದು ಅದರ ಅರ್ಥ. ತಂತಿಯಲ್ಲಿ ಮಿತಿಮೀರಿ ವಿದ್ಯುತ್ತು ಹರಿದಾಗ ತಾನು ಮೊದಲು ಕರಗಿ ದಾರಿಯನ್ನು ಕಡಿಯುವುದೇ ಅದರ ಧರ್ಮ. “ಗಾಡಿಯದು ಹನ್ನೆರಡೇ ವೋಲ್ಟು, ಏನಾದೀತು?” ಎಂದು ತಾವು ಕೇಳಬಹುದು. ಮುಟ್ಟಿದರೆ ಶಾಕ್ ಹೊಡೆಯದು, ನಿಜ. ಆದರೆ 60 ವ್ಯಾಟಿನ ದೀಪ ಮನೆಯ 230 ವೋಲ್ಟಿನಲ್ಲಿ ಸುಮಾರು ಕಾಲು ಆಂಪಿಯರ್ ಎಳೆದರೆ, ಗಾಡಿಯ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ತಂತಿ ಕಾಯುವುದು ಆಂಪಿಯರಿನಿಂದ. ತಂತಿಯ ಲೋಹ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರನ್ನು ಒಮ್ಮೆಲೇ ಸುರಿಯಬಲ್ಲದು. ಪುಸ್ತಕದವರು ಇದನ್ನು ಹ್ರಸ್ವಮಂಡಲವೆನ್ನುವರು. ಗ್ಯಾರೇಜಿನವರು ಶಾರ್ಟ್ ಎನ್ನುವರು.

ಫ್ಯೂಸು ಹೇಗೆ ಹೋಯಿತೆಂಬುದನ್ನು ನೋಡಿದರೆ ದೋಷದ ಜಾತಿ ತಿಳಿಯುತ್ತದೆ. ಹಾಕಿದ ಕೂಡಲೇ ಹೋದರೆ ಶಾರ್ಟ್. ಗಾಡಿ ಕುಲುಕಿದಾಗ ಹೋದರೆ, ಎಲ್ಲಿಯೋ ತಂತಿಯ ಸಿಪ್ಪೆ ಸವೆದು ಆಗಾಗ ಕಬ್ಬಿಣಕ್ಕೆ ತಗಲುತ್ತಿದೆ. ತುಸು ಹೊತ್ತು ನಡೆದು ಹೋದರೆ ಭಾರ ಹೆಚ್ಚಾಗಿದೆ. ಅಥವಾ ಧೂಳು ತುಂಬಿದ ಫ್ಯಾನು ತಿರುಗಲಾರದೆ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿದೆ. ಫ್ಯೂಸು ನೆಟ್ಟಗಿದ್ದೂ ದೀಪ ಮಂಕಾದರೆ, ತಂತಿಯನ್ನು ಗಾಡಿಯ ಮೈಗೆ ಬಿಗಿದ ಅರ್ತಿನ ಬೋಲ್ಟು ತುಕ್ಕು ಹಿಡಿದಿರಬಹುದು. ಉಜ್ಜಿ ಬಿಗಿದರೆ ಸಾಕು.

ಶಾರ್ಟನ್ನು ಆ ಹುಡುಗ ಹುಡುಕಿದ ರೀತಿ ಸುಲಭವಾದದ್ದು. ಆ ಫ್ಯೂಸಿಗೆ ಸೇರಿದ ದೀಪಗಳ ಬಲ್ಬುಗಳನ್ನು ತೆಗೆದ, ರೇಡಿಯೋ ಕಳಚಿದ. ಫ್ಯೂಸಿನ ಸ್ಥಾನದಲ್ಲಿ 12 ವೋಲ್ಟಿನ, 21 ವ್ಯಾಟಿನ ಬಲ್ಬೊಂದನ್ನು ಜೋಡಿಸಿ ಸ್ವಿಚ್ಚು ಹಾಕಿದ. ಬಲ್ಬು ಪೂರ್ತಿ ಉರಿಯಿತು. ಶಾರ್ಟ್ ಇದ್ದರೂ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಗೊಡದಾದ್ದರಿಂದ ತಂತಿ ಸುಡುವ ಭಯವಿಲ್ಲ. ಬಳಿಕ ತಂತಿಯ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಅಲುಗಿಸುತ್ತ ಹೋದ. ಹಿಂಬಾಗಿಲ ಬಳಿ ಕೈಯಿಟ್ಟೊಡನೆ ಬಲ್ಬು ಆರಿತು. ತಗಡಿನ ತೂತಿನಲ್ಲಿ ತಂತಿಗೆ ಆಸರೆಯಾಗಿದ್ದ ರಬ್ಬರಿನ ಬಳೆ ಉದುರಿಹೋಗಿ, ಚೂಪು ಅಂಚು ಸಿಪ್ಪೆಯನ್ನು ಕೊರೆದಿತ್ತು. ಸುಟ್ಟ ತಂತಿ ಬದಲಾಯಿತು, ಹೊಸ ಬಳೆ ಕೂತಿತು, ಮತ್ತೆ ಅದೇ ಅಳತೆಯ ಫ್ಯೂಸು ಬಂದಿತು.

ಅಳತೆಯ ಮಾತು ಮುಖ್ಯ. ಈಗಿನ ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಕೆಂಪು ಹೋದಲ್ಲಿ ಹಸಿರನ್ನು ಇಡುವುದೂ ಬೆಳ್ಳಿಕಾಗದ ಸುತ್ತುವುದೂ ಒಂದೇ. ಆಗ ಫ್ಯೂಸಿನ ಬದಲು ತಂತಿಯೇ ಸುಡುತ್ತದೆ.

ಎರಡು ಎಚ್ಚರಿಕೆಗಳು. ತಂತಿಯನ್ನು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಬಲ್ಬಿನ ಪರೀಕ್ಷೆಗೆ ಮಾತ್ರ ಮತ್ತೆ ಜೋಡಿಸಬೇಕು. ಮನೆಗಾಡಿಗೆ ಹೊರಗಿನಿಂದ 230 ವೋಲ್ಟಿನ ಲೈನು ಎಳೆದಿದ್ದರೆ, ಅಥವಾ ಒಳಗೆ ಇನ್‌ವರ್ಟರಿದ್ದರೆ, ಅದು ಪ್ರಾಣ ತೆಗೆಯುವ ವಿದ್ಯುತ್ತು. ಪ್ಲಗ್ಗು ಕಿತ್ತು, ಇನ್‌ವರ್ಟರ್ ಆರಿಸಿ, ಬಲ್ಲ ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ. 30 ಮಿಲಿಆಂಪಿಯರ್ ಸೋರಿದರೂ ಕಡಿಯುವ ಬ್ರೇಕರನ್ನು ಅವರಿಂದ ಹಾಕಿಸಿಕೊಳ್ಳಿ.

ಈಗ ಆ ಗಾಡಿಯಲ್ಲಿ ಡಬ್ಬಿ ತುಂಬ ಸರಿಯಳತೆಯ ಫ್ಯೂಸುಗಳೂ ಒಂದು ಬಲ್ಬೂ ಇರುತ್ತವೆ. ರೇಡಿಯೋ ಮೂಕವಾದರೆ ಮೊದಲು ಗಾಡಿ ನಿಲ್ಲಿಸುತ್ತೇವೆ. ಫ್ಯೂಸು ಏನು ಹೇಳಿ ಸತ್ತಿತೆಂದು ಕೇಳಿಯೇ ಮುಂದಿನ ಪಯಣ.