ದೀರ್ಘಾವಧಿಯ ಛಾಯಾಗ್ರಹಣದಲ್ಲಿ ಫಿಲ್ಮಿನ ನಿಶ್ಚಲತೆ

ಛಾಯಾಚಿತ್ರವು ಅದುರಿ ಮೂಡಿದಾಗ ದೋಷವನ್ನು ಟ್ರೈಪಾಡಿನ ಮೇಲೋ ಗಾಳಿಯ ಮೇಲೋ ಹೊರಿಸುವುದು ವಾಡಿಕೆ. ಆದರೆ ಕ್ಯಾಮೆರಾ ಬಂಡೆಯಂತೆ ನಿಂತಿದ್ದರೂ ಅದರೊಳಗಿನ ಫಿಲ್ಮ್ ನಿಂತಿರಬೇಕೆಂಬ ನಿಯಮವೇನಿಲ್ಲ. 4×5 ಅಥವಾ 8×10 ಅಂಗುಲದ ಬಿಡಿ ಹಾಳೆಗಳನ್ನು ಬಳಸುವ ದೊಡ್ಡ ಕ್ಯಾಮೆರಾಗಳಲ್ಲಿ, ನಿಮಿಷಗಟ್ಟಲೆ ಬೆಳಕಿಗೊಡ್ಡುವ ಸಂದರ್ಭಗಳಲ್ಲಿ, ಈ ಸಂಗತಿ ತಾನಾಗಿಯೇ ಮುನ್ನೆಲೆಗೆ ಬರುತ್ತದೆ.

35 ಮಿ.ಮೀ. ಕ್ಯಾಮೆರಾದಲ್ಲಿ ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಒಂದು ಫಲಕವಿರುತ್ತದೆ. ಹಾಳೆ ಫಿಲ್ಮಿನ ಹೋಲ್ಡರಿನಲ್ಲಿ ಅಂಥ ಏರ್ಪಾಡಿಲ್ಲ. ಸುಮಾರು 0.2 ಮಿ.ಮೀ. ದಪ್ಪದ ಹಾಳೆಯ ಮೂರು ಅಂಚುಗಳು ತೋಡುಗಳಲ್ಲಿ, ನಾಲ್ಕನೆಯದು ಮಡಿಚುವ ಪಟ್ಟಿಯ ಅಡಿಯಲ್ಲಿ ಕುಳಿತಿರುತ್ತವೆ. ನಡುಭಾಗಕ್ಕೆ ಯಾವ ಹಿಡಿತವೂ ಇಲ್ಲ. ಕತ್ತಲಲ್ಲಿ ಕೈಯಂದಾಜಿನಿಂದ ಹಾಳೆಯನ್ನು ತೂರಿಸಬೇಕಾದ್ದರಿಂದ ತೋಡಿನಲ್ಲಿ ತುಸು ಸಡಿಲವೂ ಅನಿವಾರ್ಯ. ಈ ಸಡಿಲವೇ ಮುಂದಿನ ತೊಡಕುಗಳ ಮೂಲ.

ಚಲನೆಗೆ ಮುಖ್ಯ ಕಾರಣ ತೇವಾಂಶ. ಎಮಲ್ಷನ್ನಿನಲ್ಲಿರುವ ಜೆಲಾಟಿನ್ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅನೇಕ ಹಾಳೆ ಫಿಲ್ಮುಗಳ ಬೆನ್ನಿಗೂ ಜೆಲಾಟಿನ್ ಲೇಪವಿದ್ದು, ಎರಡೂ ಬದಿಯ ಸೆಳೆತಗಳು ಸರಿತೂಗುವಂತೆ ನೋಡಿಕೊಂಡಿರುತ್ತಾರೆ. ಡಾರ್ಕ್ ಸ್ಲೈಡನ್ನು ಎಳೆದ ಕ್ಷಣದಲ್ಲಿ ಮುಂಬದಿ ಮಾತ್ರ ಬೆಲ್ಲೋಸಿನೊಳಗಿನ ಹೊಸ ಗಾಳಿಗೆ ತೆರೆದುಕೊಳ್ಳುವುದರಿಂದ ಆ ಸಮತೋಲ ತಪ್ಪುತ್ತದೆ. ಹಾಳೆ ನಿಧಾನವಾಗಿ ಉಬ್ಬುತ್ತದೆ. ಕೆಲವೊಮ್ಮೆ ತಗಡಿನ ಡಬ್ಬಿಯ ಮುಚ್ಚಳದಂತೆ ಒಮ್ಮೆಲೇ ಪುಟಿದು ಇನ್ನೊಂದು ಬದಿಗೆ ಬಾಗುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ತುಂಬಿದ ಹೋಲ್ಡರನ್ನು ಕರಾವಳಿಯ ಮಳೆಗಾಲದ ಗಾಳಿಗೆ ಒಯ್ದರೆ ಇದರ ಸಾಧ್ಯತೆ ಹೆಚ್ಚು. ಪಾಲಿಯೆಸ್ಟರ್ ಆಧಾರದ ಫಿಲ್ಮು ಅಸಿಟೇಟ್ ಫಿಲ್ಮಿಗಿಂತ ಬಹಳ ಕಡಿಮೆ ತೇವ ಹೀರುತ್ತದೆಯಾದರೂ ಅದರ ಮೇಲಿನ ಜೆಲಾಟಿನ್ ಮಾತ್ರ ಜೆಲಾಟಿನ್ನೇ.

ದ್ಯುತಿರಂಧ್ರವನ್ನು ಕಿರಿದುಗೊಳಿಸಿದರೆ ಇಂಥ ಸಣ್ಣಪುಟ್ಟ ಉಬ್ಬುಗಳು ಚಿತ್ರದಲ್ಲಿ ಮರೆಯಾಗುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧಸತ್ಯ. 150 ಮಿ.ಮೀ. ಮಸೂರವನ್ನು ಎಫ್/22ರಲ್ಲಿಟ್ಟಾಗ ಹಾಳೆ 0.3 ಮಿ.ಮೀ. ಮುಂದಕ್ಕೆ ಉಬ್ಬಿತೆನ್ನೋಣ. ಫೋಕಸ್ ತಪ್ಪಿದ್ದರಿಂದ ಉಂಟಾಗುವ ಮಸುಕು 0.3ನ್ನು 22ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.014 ಮಿ.ಮೀ.; ಅದು ನಗಣ್ಯ. ಆದರೆ ಕೇಂದ್ರದಿಂದ 45 ಮಿ.ಮೀ. ದೂರದ ಬಿಂದುವಿಗೆ ಬೆಳಕು ಓರೆಯಾಗಿ ಬರುತ್ತದೆ. ಅಲ್ಲಿ ಅಷ್ಟೇ ಉಬ್ಬು ಇದ್ದಲ್ಲಿ ಬಿಂಬವು 0.09 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಐದು ಪಟ್ಟು ಹಿಗ್ಗಿಸಿದ ಮುದ್ರಣದಲ್ಲಿ ಇದು ಹೆಚ್ಚುಕಡಿಮೆ ಅರ್ಧ ಮಿ.ಮೀ. ರಂಧ್ರ ಎಷ್ಟೇ ಕಿರಿದಾಗಲಿ, ಈ ಸರಿತ ಕಡಿಮೆಯಾಗದು. ಬದಲಿಗೆ ರಂಧ್ರ ಕಿರಿದಾದಷ್ಟೂ ಷಟರ್ ತೆರೆದಿರಬೇಕಾದ ಕಾಲ ಬೆಳೆಯುತ್ತದೆ. ಮಂದ ಬೆಳಕಿಗೆ ಫಿಲ್ಮಿನ ಸ್ಪಂದನೆ ಕುಗ್ಗುವುದರಿಂದ ಅದು ಇನ್ನಷ್ಟು ಬೆಳೆಯುತ್ತದೆ. ಹಿರೋಷಿ ಸುಗಿಮೊಟೊ 1970ರ ದಶಕದಲ್ಲಿ ಆರಂಭಿಸಿದ ಚಿತ್ರಮಂದಿರಗಳ ಸರಣಿಯಲ್ಲಿ ಇಡೀ ಚಲನಚಿತ್ರ ಮುಗಿಯುವವರೆಗೂ ಷಟರ್ ತೆರೆದಿರುತ್ತದೆ. ನಡುವಿನ ಪರದೆ ಹೇಗಿದ್ದರೂ ಬರಿಯ ಬಿಳುಪು. ಕೆತ್ತನೆಯ ಸೂಕ್ಷ್ಮಗಳಿರುವುದು ಕೇಂದ್ರದಿಂದ ದೂರದಲ್ಲಿ, ಓರೆ ಕಿರಣಗಳ ವಲಯದಲ್ಲಿ.

ದೋಷದ ಮೂಲವನ್ನು ನೆಗೆಟಿವ್ ತಾನೇ ಹೇಳುತ್ತದೆ. ಕ್ಯಾಮೆರಾ ಅಲುಗಿದ್ದರೆ ಬಿಂಬವೆಲ್ಲ ಇಮ್ಮಡಿಸಿರುತ್ತದೆ, ಆದರೆ ಹೋಲ್ಡರಿನ ತೋಡು ಮೂಡಿಸಿದ ಅಂಚಿನ ಗೆರೆ ಚೂಪಾಗಿ ಉಳಿಯುತ್ತದೆ. ಹಾಳೆ ತೋಡಿನೊಳಗೆ ಜಾರಿದ್ದರೆ ಆ ಗೆರೆಯೂ ಇಮ್ಮಡಿಸುತ್ತದೆ. ಉಬ್ಬಿದ್ದರೆ ಕೇಂದ್ರ ಸ್ಪಷ್ಟವಾಗಿದ್ದು, ಅದರಿಂದ ಹೊರಕ್ಕೆ ಅರಗಳಂತೆ ಹರಡುವ ದಿಕ್ಕಿನಲ್ಲಿ ಇಮ್ಮಡಿತನ ಕಾಣುತ್ತದೆ.

ಗಾಜಿನ ಫಲಕಗಳ ಕಾಲದಲ್ಲಿ ಈ ಸಮಸ್ಯೆ ಬಹುಮಟ್ಟಿಗೆ ಇರಲಿಲ್ಲ. ಖಗೋಳ ವಿಜ್ಞಾನಿಗಳು ಫಿಲ್ಮ್ ಬಂದ ಮೇಲೂ ಬಹುಕಾಲ ಗಾಜನ್ನು ಬಿಡದಿದ್ದುದಕ್ಕೆ ಇದೇ ಪ್ರಮುಖ ಕಾರಣ. 1887ರಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡು ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಪಾಲ್ಗೊಂಡ ಆಕಾಶ ನಕಾಶೆಯ ಯೋಜನೆಯಲ್ಲಿ ಗಾಜನ್ನೂ ಪೂರ್ತಿ ನಂಬಲಿಲ್ಲ. ಸಂಸ್ಕರಣೆಯ ಮೊದಲೇ ಪ್ರತಿ ಫಲಕದ ಮೇಲೆ 5 ಮಿ.ಮೀ. ಅಂತರದ ಗೆರೆಗಳ ಜಾಲವೊಂದನ್ನು ಬೆಳಕಿನಿಂದ ಮೂಡಿಸುತ್ತಿದ್ದರು. ಒದ್ದೆಯಾದ ಜೆಲಾಟಿನ್ ಸರಿದರೆ ಗೆರೆಗಳೂ ಜೊತೆಗೇ ಸರಿದು ಆ ದೋಷವನ್ನು ತೋರಿಸಿಕೊಡುತ್ತಿದ್ದವು.

ಫಿಲ್ಮಿಗೆ ಅತ್ಯಂತ ಅಗ್ಗದ ಪರಿಹಾರವೆಂದರೆ ಕಾಯುವುದು. ಹೋಲ್ಡರನ್ನು ಕ್ಯಾಮೆರಾಕ್ಕೆ ಹಾಕುವ ಮೊದಲು ಅದರ ಅಂಚನ್ನು ಅಂಗೈಗೆ ಮೆಲ್ಲನೆ ತಟ್ಟಿದರೆ ಹಾಳೆ ತೋಡಿನ ತಳಕ್ಕಿಳಿದು ಕೂರುತ್ತದೆ. ನಂತರ ಷಟರ್ ಮುಚ್ಚಿಟ್ಟುಕೊಂಡೇ ಡಾರ್ಕ್ ಸ್ಲೈಡ್ ಎಳೆದು, ಫಿಲ್ಮು ಬೆಲ್ಲೋಸಿನ ಗಾಳಿಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬಿಡಬೇಕು. ಅಷ್ಟರಲ್ಲಿ ಉಬ್ಬುವುದಿದ್ದರೆ ಬಹುಪಾಲು ಉಬ್ಬಿ ಮುಗಿದಿರುತ್ತದೆ. ಗಂಟೆಗಟ್ಟಲೆಯ ಕೆಲಸಕ್ಕೆ ಇಷ್ಟು ಸಾಲದು. ಆಗ ಹೋಲ್ಡರಿನ ಒಳಹಲಗೆಗೆ ಎರಡೂ ಬದಿ ಅಂಟುವ ಟೇಪಿನ ತುಣುಕುಗಳನ್ನು ಹಚ್ಚಿ ಹಾಳೆಯನ್ನು ಕೂರಿಸುವುದುಂಟು. ಅಂಟು ಜೋರಾದರೆ ಬಿಡಿಸುವಾಗ ಹಾಳೆ ಮಡಿಚೀತು, ಬೆನ್ನಿಗುಳಿದ ಅಂಟು ಸಂಸ್ಕರಣೆಗೆ ಅಡ್ಡಿಯಾದೀತು. ಹಾಗಾಗಿ ಟೇಪನ್ನು ಮೊದಲು ಬಟ್ಟೆಗೆ ಒತ್ತಿ ಅದರ ಬಿಗಿಯನ್ನು ತಗ್ಗಿಸಿಕೊಳ್ಳುವುದು ಒಳಿತು. ಕ್ಯಾಮೆರಾ ನೇರ ಕೆಳಮುಖವಾಗಿರುವ ಹಸ್ತಪ್ರತಿಗಳ ನಕಲು ಕಾರ್ಯದಲ್ಲಿ ಹಾಳೆ ತನ್ನ ಭಾರಕ್ಕೇ ಜೋಲುವುದರಿಂದ ಅಂಟು ಅಥವಾ ನಿರ್ವಾತದ ಆಸರೆ ಹೆಚ್ಚು ಅಗತ್ಯ. ಮುದ್ರಣಾಲಯಗಳ ಪ್ರಾಸೆಸ್ ಕ್ಯಾಮೆರಾಗಳಲ್ಲಿ ರಂಧ್ರಗಳುಳ್ಳ ಹಲಗೆಯ ಹಿಂದಿನಿಂದ ಗಾಳಿಯನ್ನು ಹೀರಿ ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುತ್ತಿದ್ದರು. ಆ ಉಪಾಯವನ್ನು ಹೊರಾಂಗಣಕ್ಕೆ ತಂದವರು ಪಂಪಿನ ಅದುರು ಕ್ಯಾಮೆರಾವನ್ನು ತಲುಪದಂತೆ ಅದನ್ನು ಉದ್ದನೆಯ ಮೆದು ಕೊಳವೆಯ ಆಚೆ, ಬೇರೆ ನೆಲೆಯ ಮೇಲೆ ಇಡಬೇಕಾಗುತ್ತದೆ.