ಬೈಠಕ್ಕಿನ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವ ಬಗೆ

ಹಿಂದೂಸ್ತಾನಿ ಗಾಯನದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಬಾಳಿದ ಊರುಗಳು ಹುಬ್ಬಳ್ಳಿ-ಧಾರವಾಡ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೊದ ಮುಂದೆ ಕುಳಿತು ಗಾಯನ ಕೇಳುವುದು ರೂಢಿಯಾಯಿತು. ಟೇಪ್ ರೆಕಾರ್ಡರ್ ಮನೆಗೆ ಬಂದ ಮೇಲೆ ಕೇಳಿದ್ದನ್ನು ತುಂಬಿಸಿ ಇಟ್ಟುಕೊಳ್ಳುವುದೂ ರೂಢಿಯಾಯಿತು. ಹಾಗಾಗಿ ಇಲ್ಲಿನ ಎಷ್ಟೋ ಮನೆಗಳ ಅಟ್ಟದಲ್ಲಿ ಕ್ಯಾಸೆಟ್ಟಿನ ಡಬ್ಬಿಗಳಿವೆ. ಕಂಪನಿಗಳು ಹೊರತಂದ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಇವತ್ತು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ, ಅವನ್ನು ಬಿಟ್ಟರೂ ನಡೆದೀತು. ಮನೆಯಲ್ಲೇ ನಡೆಯುವ ಪುಟ್ಟ ಕಛೇರಿಯಾದ ಬೈಠಕ್ಕಿನಲ್ಲಿ, ಮಠದ ಅಹೋರಾತ್ರಿ ಸಂಗೀತದಲ್ಲಿ ಯಾರೋ ಮುಂದಿನ ಸಾಲಿನಲ್ಲಿ ಕುಳಿತು ರೆಕಾರ್ಡ್ ಮಾಡಿಕೊಂಡದ್ದು ಹಾಗಲ್ಲ. ಅದರ ಪ್ರತಿ ಎಲ್ಲಿಯೂ ಇರಲಿಕ್ಕಿಲ್ಲ. ಮೊದಲು ಕಂಪ್ಯೂಟರಿಗೆ ಇಳಿಸಬೇಕಾದದ್ದು ಅದನ್ನು.

ಇದಕ್ಕಾಗಿ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಹೋಗಿ ಹೊಸ ಲ್ಯಾಪ್‌ಟಾಪ್ ತರುವ ಅಗತ್ಯ ಇಲ್ಲವೇ ಇಲ್ಲ. ಸಿಡಿ ಮಟ್ಟದ ಧ್ವನಿ ಎಂದರೆ ಸೆಕೆಂಡಿಗೆ 44,100 ಸಲ, ಎಡ-ಬಲ ಎರಡೂ ಕಡೆ, ಪ್ರತಿ ಸಲವೂ 16 ಬಿಟ್‌ನಲ್ಲಿ ಧ್ವನಿಯ ಅಳತೆ ತೆಗೆದುಕೊಳ್ಳುವುದು. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿಗಿಂತ ಸ್ವಲ್ಪ ಹೆಚ್ಚು. ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಕೂಡ ಇಷ್ಟನ್ನು ಸಲೀಸಾಗಿ ಬರೆದುಕೊಳ್ಳುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಂತಿತೆಂದು ಮೂಲೆಗೆ ಸೇರಿದ ಯಂತ್ರವೂ ನಡೆಯುತ್ತದೆ; ರೆಕಾರ್ಡಿಂಗಿಗೆ ಇಂಟರ್ನೆಟ್ ಬೇಕಿಲ್ಲ, ಸಂಪರ್ಕ ತೆಗೆದೇ ಇಡಿ. ಬೇಕಾದ ತಂತ್ರಾಂಶ ಆಡಾಸಿಟಿ, ಅದು ಉಚಿತ.

ದುಡ್ಡು ಹಾಕುವುದಿದ್ದರೆ ಕ್ಯಾಸೆಟ್ ಓಡಿಸುವ ಡೆಕ್ಕಿಗೆ ಹಾಕಿ. ಟೇಪಿನಿಂದ ಒಮ್ಮೆ ಬಾರದ ಸ್ವರವನ್ನು ಯಾವ ಕಂಪ್ಯೂಟರೂ ಆಮೇಲೆ ಹುಟ್ಟಿಸಿ ಕೊಡಲಾರದು. ಯುಎಸ್‌ಬಿ ತಂತಿ ಇರುವ ಅಗ್ಗದ ಪುಟ್ಟ ಪ್ಲೇಯರುಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರೆ. ನಮ್ಮ ಸಂಗೀತಕ್ಕೆ ಅವು ಬೇಡವೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒಂದೇ ಸಮನೆ ಸಾಗಬೇಕು. ಆ ಪ್ಲೇಯರುಗಳ ಹಗುರ ಮೋಟರಿನಲ್ಲಿ ಆ ವೇಗ ಏರಿಳಿಯುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಆ ಅಲುಗಾಟ ಮುಚ್ಚಿಹೋದೀತು. ತಂಬೂರಿಯಲ್ಲಿ ಮುಚ್ಚುವುದಿಲ್ಲ: ಗಂಟೆಗಟ್ಟಲೆ ಒಂದೇ ಷಡ್ಜ ಹಿಡಿದು ನಿಂತ ನಾದ ನಡುಗಿದರೆ ಸಂಗೀತ ಗೊತ್ತಿಲ್ಲದವರ ಕಿವಿಗೂ ಕೇಳಿಸುತ್ತದೆ. ಮನೆಯಲ್ಲಿರುವ ಇಲ್ಲವೆ ನೆಂಟರ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಸ್ಟೀರಿಯೊ ಡೆಕ್ಕನ್ನು ರಿಪೇರಿ ಅಂಗಡಿಗೆ ಒಯ್ದು ಸಡಿಲಾದ ರಬ್ಬರ್ ಬೆಲ್ಟ್ ಬದಲಿಸಿ ತನ್ನಿ. ಹೊಸ ಅಗ್ಗದ ಯಂತ್ರಕ್ಕಿಂತ ಅದೇ ಮೇಲು.

ಕ್ಯಾಸೆಟ್ ಹಾಕುವ ಮುಂಚೆ ಅದರ ಬೆನ್ನಿನ ಮೇಲಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಸಿಹೋಗುವುದಿಲ್ಲ. ಧಾರವಾಡದ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಜು ಕಟ್ಟಿರುವುದುಂಟು. ಅಂಥದ್ದನ್ನು ಬೇರೆ ಇಡಿ, ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡಿಗೆ ಅಂಟಿದ ಬೂಜು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಆಡದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಪದರಗಳು ಸಡಿಲಾಗುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಟೇಪಿನ ಅಗಲ 3.81 ಮಿಲಿಮೀಟರ್. ಅಷ್ಟರಲ್ಲೇ ಎರಡು ಬದಿಗೆ ಎರಡೆರಡರಂತೆ ನಾಲ್ಕು ಪಟ್ಟಿಗಳು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡಿಗೂ ನಿಮ್ಮ ಡೆಕ್ಕಿನ ಹೆಡ್ಡಿಗೂ ಕೂದಲೆಳೆಯಷ್ಟು ವಾಲು ಬೇರೆಯಾದರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಕಂಬಳಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಪ್ರಿಂಗ್ ಸ್ಕ್ರೂ ಈ ವಾಲನ್ನು ಸರಿಪಡಿಸುವುದಕ್ಕೇ ಇದೆ. ಅದು ಮೊದಲು ಇದ್ದ ಜಾಗಕ್ಕೆ ಗುರುತು ಹಾಕಿ, ಟೇಪು ಓಡುತ್ತಿರುವಾಗ ಮೆಲ್ಲಗೆ ತಿರುಗಿಸಿ. ತಬಲಾದ ಕಿನಾರಿನ (ಅಂಚಿನ) ಪೆಟ್ಟು ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಬೇರೆ ಬೇರೆ ಮನೆಯ ಯಂತ್ರದಲ್ಲಿ ತುಂಬಿದ ಕ್ಯಾಸೆಟ್ಟಿಗೆ ಈ ಜಾಗ ಬೇರೆ ಬೇರೆ.

ಡೆಕ್ಕಿನ ಹಿಂಬದಿಯ ಲೈನ್-ಔಟ್‌ನಿಂದ ಡೆಸ್ಕ್‌ಟಾಪಿನ ನೀಲಿ ತೂತಿಗೆ ತಂತಿ ಜೋಡಿಸಿ. ಗುಲಾಬಿ ತೂತು ಮೈಕಿನದು. ಅದು ತುಂಬ ಸಣ್ಣ ಸಂಕೇತವನ್ನು ಹಿಗ್ಗಿಸಲು ಇರುವಂಥದ್ದು, ಡೆಕ್ಕಿನ ಧ್ವನಿ ಅಲ್ಲಿ ಒಡೆದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಮೈಕಿನದೊಂದೇ ಇರುವುದರಿಂದ ಸ್ಟೀರಿಯೊ ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಬೇಕು. ಕೊಳ್ಳುವಾಗ ‘ಲೈನ್-ಇನ್’ ಎಂಬುದು ಪೆಟ್ಟಿಗೆಯ ಮೇಲೆ ಬರೆದಿದೆಯೇ ನೋಡಿಕೊಳ್ಳಿ. ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ. ಅನೇಕ ಸಲ ಅಷ್ಟಕ್ಕೇ ಹೋಗುತ್ತದೆ.

ಧ್ವನಿಯ ಮಟ್ಟವನ್ನು ಕ್ಯಾಸೆಟ್ಟಿನ ಆರಂಭ ಕೇಳಿ ಹೊಂದಿಸಬೇಡಿ. ಖಯಾಲು ಮೆಲುದನಿಯ ಆಲಾಪದಿಂದ ಶುರುವಾಗಿ ಕೊನೆಗೆ ದ್ರುತ್ ಲಯದಲ್ಲಿ ತಾನ್‌ಗಳು, ತಬಲಾ, ಕೇಳುಗರ ‘ವಾಹ್’ ಎಲ್ಲ ಸೇರಿ ಏರುತ್ತದೆ. ಆ ಕೊನೆಯ ಭಾಗವನ್ನು ಮೊದಲು ಓಡಿಸಿ, ಅಲ್ಲಿ ಮೀಟರು ಸೊನ್ನೆಗಿಂತ 6 ಡೆಸಿಬಲ್ ಕೆಳಗೇ ಇರುವಂತೆ ಇಟ್ಟು, ಆಮೇಲೆ ಸುತ್ತಿ ಮೊದಲಿನಿಂದ ಆರಂಭಿಸಿ. ಸೊನ್ನೆ ಮುಟ್ಟಿದ ಧ್ವನಿಯ ತುದಿ ಕತ್ತರಿಸಿಹೋಗುತ್ತದೆ, ಅದು ಮರಳಿ ಬಾರದು.

ಬೈಠಕ್ಕಿನ ರೆಕಾರ್ಡಿಂಗಿನಲ್ಲಿ ಕಾಣುವ ಇನ್ನೊಂದು ತೊಡಕು ಶ್ರುತಿಯದು. ಸೆಲ್ಲು ಇಳಿಯುತ್ತಿದ್ದ ರೆಕಾರ್ಡರಿನಲ್ಲಿ ಟೇಪು ನಿಧಾನಕ್ಕೆ ಓಡಿರುತ್ತದೆ. ಸರಿಯಾದ ಡೆಕ್ಕಿನಲ್ಲಿ ಹಾಕಿದಾಗ ಗಾಯಕರ ಶ್ರುತಿ ಏರಿ ಕೇಳುತ್ತದೆ. ವೇಗ ಶೇ. 6ರಷ್ಟು ಹೆಚ್ಚಿದರೆ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಏರಿದಂತೆ, ಕರಿ ಒಂದು ಬಿಳಿ ಎರಡಾಗುತ್ತದೆ. ಗಾಯಕರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರೆಂದು ಬಲ್ಲವರನ್ನು ಕೇಳಿ, ಮೊಬೈಲಿನ ಟ್ಯೂನರ್ ಆ್ಯಪಿನಲ್ಲಿ ಷಡ್ಜ ಅಳೆದು, ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡೂ ಕೂಡಿ ಬದಲಾಗುವ ಆಯ್ಕೆಯಿಂದ ಸರಿಪಡಿಸಿ. ಶ್ರುತಿಯೊಂದನ್ನೇ ಬದಲಿಸಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ.

ಟೇಪಿನ ಸುಂಯ್ ಸದ್ದು ತೆಗೆಯುವ ಸೌಲಭ್ಯವನ್ನು ಮಾತ್ರ ಮುಟ್ಟದಿರುವುದು ಒಳ್ಳೆಯದು. ಸದ್ದು ಮಾತ್ರ ಇರುವ ತುಣುಕನ್ನು ನಾವು ಆರಿಸಿ ತೋರಿಸುತ್ತೇವೆ. ತಂತ್ರಾಂಶ ಅದರಂಥದ್ದನ್ನೆಲ್ಲ ಹುಡುಕಿ ಅಳಿಸುತ್ತದೆ. ನಮ್ಮ ರೆಕಾರ್ಡಿಂಗಿನಲ್ಲಿ ಹಾಡು ಶುರುವಾಗುವ ಮುಂಚೆಯೇ ತಂಬೂರಿ ನುಡಿಯುತ್ತಿರುತ್ತದೆ, ಹಾಗಾಗಿ ಆರಿಸಿದ ತುಣುಕಿನಲ್ಲಿ ಅದೂ ಸೇರಿ, ಎಡೆಬಿಡದೆ ನುಡಿಯುವ ತಂಬೂರಿಯ ಝೇಂಕಾರವೂ (ಜವಾರಿ) ಕಸವೆಂದು ಎಣಿಕೆಯಾಗಿ ಹೋಗುತ್ತದೆ. ಉಳಿಯುವುದು ಒಣ ಗಂಟಲು. ಸ್ವಲ್ಪ ಸುಂಯ್ ಇದ್ದರೆ ಇರಲಿ. ಮಾಡಲೇಬೇಕೆನಿಸಿದರೆ ಮೂಲ ಕಡತ ಹಾಗೇ ಇಟ್ಟು, ಇನ್ನೊಂದು ಪ್ರತಿಯ ಮೇಲೆ ಮಾಡಿ.

ಇಡುವ ಬಗೆ ಸರಳ. ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಒಂದು ಸ್ವರವೂ ಹೋಗದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೊಬೈಲಿಗೆ, ಕಾರಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಿ. ಪೆನ್‌ಡ್ರೈವನ್ನು ಒಯ್ಯುವುದಕ್ಕೆ ಬಳಸಿ, ಕಾಪಿಡುವುದಕ್ಕಲ್ಲ. ಎರಡು ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಕಡತದ ಹೆಸರಿನಲ್ಲಿ ಗಾಯಕರು, ರಾಗ, ತಬಲಾ ಸಾಥಿ, ಸ್ಥಳ, ವರ್ಷ ಬರೆಯಿರಿ. ಕ್ಯಾಸೆಟ್ಟಿನ ಚೀಟಿ ಮಾಸಿದ್ದರೆ ಆ ದಿನ ಕೇಳಿದ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಸ್ವಂತ ಕೇಳುವುದಕ್ಕೆ ಇಟ್ಟುಕೊಳ್ಳುವುದು ಬೇರೆ, ಇಂಟರ್ನೆಟ್ಟಿಗೆ ಏರಿಸುವುದು ಬೇರೆ: ಭಾರತದ ಕಾಯಿದೆಯಲ್ಲಿ ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ ಇರುತ್ತದೆ. ಏರಿಸುವ ಮನಸ್ಸಿದ್ದರೆ ಗಾಯಕರ ಮನೆಯವರಿಗೆ ಮೊದಲು ಒಂದು ಪ್ರತಿ ಕೊಟ್ಟು, ಅವರ ಒಪ್ಪಿಗೆ ಪಡೆದುಕೊಳ್ಳಿ.